ಬಂಧನದಲ್ಲೇ ಮುಗಿಯುವ ಸುದ್ದಿ

‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ.’ ಕನ್ನಡದ ಯಾವ ದಿನಪತ್ರಿಕೆಯ ಅಪರಾಧ ಸುದ್ದಿ ಓದಿದರೂ ಇಂಥದೊಂದು ವಾಕ್ಯ ಎದುರಾಗುತ್ತದೆ. ಓದುಗರ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿಯಿತು. ಮಾಡಿದವನೇ ಒಪ್ಪಿಕೊಂಡ ಮೇಲೆ ಕೋರ್ಟು, ವಕೀಲರು, ಸಾಕ್ಷಿ ಎಲ್ಲ ಯಾಕೆ? ಕಾನೂನಿನ ಕಣ್ಣಿನಲ್ಲಿ ಮಾತ್ರ ಆ ವಾಕ್ಯಕ್ಕೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಸೆಕ್ಷನ್ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಹೇಳುವುದೂ ಅದನ್ನೇ. ಆ ಹೇಳಿಕೆಯ ಜಾಡು ಹಿಡಿದು ಹೋದಾಗ ವಸ್ತುವೋ ಸಂಗತಿಯೋ ಪತ್ತೆಯಾದರೆ ಅಷ್ಟರ ಮಟ್ಟಿಗೆ ವಿನಾಯಿತಿ ಇದೆ, ಅಷ್ಟೇ. ಲಾಠಿ ಹಿಡಿದವರ ಎದುರು ಮನುಷ್ಯ ಏನನ್ನಾದರೂ ಒಪ್ಪಿಕೊಳ್ಳುತ್ತಾನೆ ಎಂಬುದು ವಸಾಹತು ಸರ್ಕಾರಕ್ಕೂ ಗೊತ್ತಿತ್ತು. ಹೀಗೆ ನ್ಯಾಯಾಲಯ ಒಂದೂವರೆ ಶತಮಾನದಿಂದ ಬಾಗಿಲ ಹೊರಗೇ ನಿಲ್ಲಿಸಿರುವ ಮಾತು, ನಮ್ಮ ಮನೆಗಳಿಗೆ ಮಾತ್ರ ದಿನವೂ ಬೆಳಗಿನ ಕಾಫಿಯ ಜೊತೆ ಬರುತ್ತಿದೆ.

ಮಾಧ್ಯಮದ ಪಕ್ಷಪಾತ ಎಂದೊಡನೆ ನಮ್ಮ ಚರ್ಚೆ ಪಕ್ಷ, ಸಿದ್ಧಾಂತ, ಚಾನೆಲ್ ಮಾಲೀಕರು ಯಾರು ಎನ್ನುವತ್ತ ಓಡುತ್ತದೆ. ಅದು ಸುಳ್ಳಲ್ಲ. ಆದರೆ ಅಪರಾಧ ಸುದ್ದಿಯಲ್ಲಿ ಅದಕ್ಕಿಂತ ಹಳೆಯ, ಎಡ–ಬಲ ಎನ್ನದೆ ಎಲ್ಲರಿಗೂ ಅಂಟಿರುವ ಓರೆಯೊಂದಿದೆ. ದೂರು, ಬಂಧನ, ಆರೋಪಪಟ್ಟಿ, ಜಾಮೀನು, ಸಾಕ್ಷಿ ವಿಚಾರಣೆ, ಪಾಟಿ ಸವಾಲು, ತೀರ್ಪು, ಮೇಲ್ಮನವಿ, ಜೈಲು ಇವೆಲ್ಲ ಸೇರಿದ ಉದ್ದನೆಯ ದಾರಿಯಲ್ಲಿ ಸುದ್ದಿಮನೆ ನಿಂತಿರುವುದು ಮೊದಲ ಎರಡು ಮೈಲಿಗಲ್ಲುಗಳ ಬಳಿ. ಅಲ್ಲಿ ಮಾತನಾಡುವವರು ಒಬ್ಬರೇ, ಪೊಲೀಸರು. ಹಾಗಾಗಿ ಎಫ್‌ಐಆರ್ ಎಂದರೆ ತೀರ್ಪು, ಜಾಮೀನು ಎಂದರೆ ಬಿಡುಗಡೆ, ಖುಲಾಸೆ ಎಂದರೆ ‘ಕಾನೂನಿನ ಕಣ್ಣಿಗೆ ಮಣ್ಣು’ ಎಂಬ ತಿಳಿವಳಿಕೆ ಜನರಲ್ಲಿ ಬೇರೂರಿದೆ. ನಮ್ಮ ಸಮಾಜಕ್ಕೆ ಎನ್‌ಕೌಂಟರ್ ಇಷ್ಟವಾಗುವುದರ, ಕೋರ್ಟು ಅಸಹನೆ ಹುಟ್ಟಿಸುವುದರ ಬೇರು ಬಹುಮಟ್ಟಿಗೆ ಇಲ್ಲೇ ಇದೆ ಎಂಬುದು ಈ ಲೇಖನದ ವಾದ.

ಜಿಲ್ಲಾ ಪೊಲೀಸ್ ಕಚೇರಿಯ ಪತ್ರಿಕಾಗೋಷ್ಠಿಯ ಚಿತ್ರವನ್ನೇ ನೋಡಿ. ಬಟ್ಟೆ ಹಾಸಿದ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಜೋಡಿಸಿದ ಸರ, ಬಳೆ, ನೋಟಿನ ಕಂತೆ, ಮೊಬೈಲು, ಒಂದೆರಡು ಮಚ್ಚು. ಹಿಂದೆ ಎಸ್‌ಪಿ, ಡಿವೈಎಸ್‌ಪಿ, ಇನ್‌ಸ್ಪೆಕ್ಟರ್. ಒಂದು ಬದಿಯಲ್ಲಿ ಮುಸುಕು ಹಾಕಿದ ಮೂರ್ನಾಲ್ಕು ಮಂದಿ. ಮರುದಿನದ ವರದಿ ‘ಖತರ್ನಾಕ್ ಕಳ್ಳರ ಹೆಡೆಮುರಿ ಕಟ್ಟಿದ ಪೊಲೀಸರು’ ಎಂದು ಶುರುವಾಗಿ, ಕಾರ್ಯಾಚರಣೆಯಲ್ಲಿ ಭಾಗವಹಿಸಿದ ಸಿಬ್ಬಂದಿಯಿಂದ ಜೀಪ್ ಚಾಲಕನವರೆಗಿನ ಹೆಸರಿನ ಪಟ್ಟಿಯೊಂದಿಗೆ, ತಂಡಕ್ಕೆ ಎಸ್‌ಪಿ ಅಭಿನಂದನೆ ಸಲ್ಲಿಸಿದ್ದಾರೆ ಎಂದು ಕೊನೆಗೊಳ್ಳುತ್ತದೆ. ಆರೋಪಿಯ ವಕೀಲರು ಏನಂದರು, ಆ ಚಿನ್ನ ದೂರುದಾರರದ್ದೇ ಎಂದು ಗುರುತಿಸಿದವರು ಯಾರು, ಮಹಜರಿಗೆ ಪಂಚರಾಗಿ ಸಹಿ ಹಾಕಿದವರು ಸ್ಥಳೀಯರೋ ಅಲ್ಲವೋ? ಕೇಸು ನಿಲ್ಲುವುದೂ ಬೀಳುವುದೂ ಇಂಥ ಪ್ರಶ್ನೆಗಳ ಮೇಲೆ. ಅವು ವರದಿಯಲ್ಲಿ ಇರುವುದಿಲ್ಲ.

ಕೇಸು ಬೀಳುವುದು ಅಪರೂಪವೇನಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಭಾರತೀಯ ದಂಡ ಸಂಹಿತೆಯಡಿ ವಿಚಾರಣೆ ಪೂರ್ಣಗೊಂಡ ಪ್ರಕರಣಗಳಲ್ಲಿ ಶಿಕ್ಷೆಯಾದದ್ದು ಶೇ 54ರಷ್ಟರಲ್ಲಿ. ಅತ್ಯಾಚಾರ ಪ್ರಕರಣಗಳಲ್ಲಿ ಆ ಪ್ರಮಾಣ ಶೇ 27ರ ಆಸುಪಾಸು. ಅಂದರೆ ಬಂಧನದ ದಿನ ಆರೋಪಿಯನ್ನು ಕಳ್ಳ, ಕೊಲೆಗಡುಕ ಎಂದು ಕರೆದ ತಲೆಬರಹ ಕೊನೆಗೆ ನಿಜವಾಗುವ ಸಾಧ್ಯತೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ತುಸು ಮೇಲು, ಅಷ್ಟೇ. ಖುಲಾಸೆಯಾದವರೆಲ್ಲ ನಿರಪರಾಧಿಗಳು ಎಂದು ಇದರ ಅರ್ಥವಲ್ಲ. ಸಾಕ್ಷಿಗಳು ತಿರುಗಿಬೀಳುತ್ತಾರೆ, ವಿಧಿವಿಜ್ಞಾನ ವರದಿ ತಡವಾಗುತ್ತದೆ, ತನಿಖೆಯೇ ಜಾಳುಜಾಳಾಗಿರುತ್ತದೆ. ಆದರೆ ಇವುಗಳಲ್ಲಿ ಯಾವುದು ಕಾರಣವಾದರೂ ಪ್ರಶ್ನೆ ತಿರುಗಬೇಕಾದದ್ದು ಆ ಮೇಜಿನ ಹಿಂದೆ ನಿಂತವರತ್ತ. ಬೆಳ್ತಂಗಡಿ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳ ಅತ್ಯಾಚಾರ ಮತ್ತು ಕೊಲೆ ನಡೆದದ್ದು 2012ರ ಅಕ್ಟೋಬರ್‌ನಲ್ಲಿ. ಆರೋಪಿಯಾಗಿ ಸಿಕ್ಕಿದ ವ್ಯಕ್ತಿಯನ್ನು ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಖುಲಾಸೆಗೊಳಿಸಿದ್ದು 2023ರ ಜೂನ್‌ನಲ್ಲಿ. ನಡುವಿನ ಹತ್ತು ವರ್ಷಗಳಲ್ಲಿ ಆ ಕುಟುಂಬ ಕೇಳುತ್ತಲೇ ಇದ್ದ ಪ್ರಶ್ನೆಗಳನ್ನು ಮೊದಲ ವಾರದಲ್ಲೇ ಪತ್ರಿಕೆಗಳು ಅಷ್ಟೇ ಗಟ್ಟಿಯಾಗಿ ಕೇಳಿದ್ದರೆ ಏನಾಗುತ್ತಿತ್ತು ಎಂದು ಊಹಿಸಬಹುದು. ಅಷ್ಟೇ, ಊಹಿಸಬಹುದು.

ಬೆಂಗಳೂರಿನಲ್ಲೇ ನಡೆದ ಇನ್ನೊಂದು ಪ್ರಕರಣ ಪತ್ರಕರ್ತರಿಗೆ ಕನ್ನಡಿ ಹಿಡಿಯುವಂಥದ್ದು. 2012ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿಯಲ್ಲಿ ಭಯೋತ್ಪಾದನಾ ಸಂಚಿನ ಆರೋಪದ ಮೇಲೆ ಯುವಕರನ್ನು ಬಂಧಿಸಲಾಯಿತು. ಅವರಲ್ಲಿ ಒಬ್ಬರು ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದರ ವರದಿಗಾರ. ಸಹೋದ್ಯೋಗಿಗಳ ಲೇಖನಿಯಲ್ಲೇ ಅವರು ಸಂಚಿನ ‘ಮಾಸ್ಟರ್ ಮೈಂಡ್’ ಆದರು. ಸುಮಾರು ಆರು ತಿಂಗಳು ಜೈಲಿನಲ್ಲಿದ್ದ ಅವರ ವಿರುದ್ಧ ಎನ್‌ಐಎ ಆರೋಪಪಟ್ಟಿಯನ್ನೇ ಸಲ್ಲಿಸಲಿಲ್ಲ. 2013ರ ಫೆಬ್ರುವರಿಯಲ್ಲಿ ಹೊರಬಂದ ಅವರು, ನಿಖರತೆ ಎಂಬ ಮೊದಲ ಪಾಠವನ್ನೇ ಮಾಧ್ಯಮ ಮರೆತಿದೆ ಎಂದರು. ಅದೇ ಪ್ರಕರಣದ 13 ಆರೋಪಿಗಳು 2016ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೆ ಒಳಗಾದದ್ದನ್ನೂ ಇಲ್ಲಿ ಹೇಳಲೇಬೇಕು. ಪ್ರಕರಣ ಪೂರ್ತಿ ಕಟ್ಟುಕತೆಯಾಗಿರಲಿಲ್ಲ. ಆದರೆ ಸುದ್ದಿವಾಹಿನಿಗಳು ನಾಯಕ ಪಟ್ಟ ಕಟ್ಟಿದ ಮನುಷ್ಯನ ಮೇಲೆ ಹೊರಿಸಲು ತನಿಖಾಧಿಕಾರಿಗಳ ಬಳಿ ಒಂದು ಆರೋಪವೂ ಉಳಿದಿರಲಿಲ್ಲ. ಪೊಲೀಸರು ಯಾರನ್ನು ಹಿಡಿದರು ಎಂಬುದು ಸುದ್ದಿ. ಅವರಲ್ಲಿ ಯಾರು ಏನು ಮಾಡಿದರು ಎಂಬುದು ಬೇರೆಯದೇ ಸಂಗತಿ. ಅದು ಗೊತ್ತಾಗಲು ಕಾಯಬೇಕು.

ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ ಎಂಬುದಕ್ಕೆ ಮೂಡಿಗೆರೆ ಮೂಲದ ವೈದ್ಯ ಮೊಹಮ್ಮದ್ ಹನೀಫ್ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ಸಿಗದು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಲಾಯಿತು. ಎರಡು ದಿನಗಳ ಬಳಿಕ ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬೆಂಗಳೂರಿಗೆ ಹೊರಟಿದ್ದ ಹನೀಫ್ ಅವರನ್ನು ಬಂಧಿಸಲಾಯಿತು. ಬ್ರಿಟನ್ ಬಿಡುವಾಗ ಅವರು ತಮ್ಮ ಸಿಮ್ ಕಾರ್ಡನ್ನು ಸಂಬಂಧಿಯೊಬ್ಬರಿಗೆ ಕೊಟ್ಟು ಬಂದಿದ್ದರು. ಆ ಸಂಬಂಧಿಯ ಅಣ್ಣನೇ ಜೀಪು ನುಗ್ಗಿಸಿದವನು. ಆರೋಪ ದಾಖಲಿಸದೆಯೇ 12 ದಿನ ವಶದಲ್ಲಿಟ್ಟುಕೊಂಡ ಬಳಿಕ, ಆ ಸಿಮ್ ಉರಿದ ಜೀಪಿನಲ್ಲೇ ಸಿಕ್ಕಿತು ಎಂದು ಸರ್ಕಾರದ ಪರ ವಕೀಲರು ನ್ಯಾಯಾಲಯಕ್ಕೆ ಹೇಳಿದರು. ವಾಪಸ್ ಬರುವ ಟಿಕೆಟ್ ಯಾಕಿರಲಿಲ್ಲ ಎಂಬುದಕ್ಕೆ ಹನೀಫ್ ಬಳಿ ವಿವರಣೆಯೇ ಇಲ್ಲ ಎಂದೂ ಪೊಲೀಸರ ಪ್ರಮಾಣಪತ್ರ ಹೇಳಿತು. ಹೆಸರಿಲ್ಲದ ‘ಮೂಲಗಳು’ ಹೊಸ ಹೊಸ ಕತೆ ಸೋರಿಕೆ ಮಾಡಿದವು. ಗೋಲ್ಡ್ ಕೋಸ್ಟ್‌ನ ಎತ್ತರದ ಕಟ್ಟಡವೊಂದನ್ನು ಉಡಾಯಿಸುವ ಸಂಚಿನ ಕತೆ ಒಂದು ಭಾನುವಾರ ಪತ್ರಿಕೆಗಳಲ್ಲಿ ಬಂತು. ಕೊನೆಗೆ ಫೆಡರಲ್ ಪೊಲೀಸ್ ಮುಖ್ಯಸ್ಥರೇ ಅದನ್ನು ಅಲ್ಲಗಳೆಯಬೇಕಾಯಿತು.

ಆ ಸುಳ್ಳಿನ ಗಂಟು ಬಿಚ್ಚಿದವರೂ ಪತ್ರಕರ್ತರೇ. ಹನೀಫ್ ಅವರ ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ ಲಿಖಿತ ಪ್ರತಿಯನ್ನು ‘ದಿ ಆಸ್ಟ್ರೇಲಿಯನ್’ ಪತ್ರಿಕೆಯ ಹೆಡ್ಲಿ ಥಾಮಸ್ ಅವರಿಗೆ ಕೊಟ್ಟರು. ಟಿಕೆಟ್ ಕೊಂಡದ್ದು ಹೆಂಡತಿಯ ತಂದೆ, ತಾನು ಹೊರಟದ್ದು ಹಸುಗೂಸಿನ ಮುಖ ನೋಡಲು ಎಂದು ಹನೀಫ್ ವಿವರವಾಗಿ ಉತ್ತರಿಸಿದ್ದು ಆ ಪುಟಗಳಲ್ಲೇ ಇತ್ತು. ವಿವರಣೆಯೇ ಇಲ್ಲ ಎಂದ ಪ್ರಮಾಣಪತ್ರ ತಪ್ಪಾಗಿತ್ತು. ಕೆಲವೇ ದಿನಗಳಲ್ಲಿ, ಸಿಮ್ ಸಿಕ್ಕಿದ್ದು ಗ್ಲಾಸ್ಗೊದ ಜೀಪಿನಲ್ಲಲ್ಲ, ನೂರಾರು ಮೈಲಿ ದೂರದ ಲಿವರ್‌ಪೂಲ್‌ನಲ್ಲಿ ಎಂದು ಆಸ್ಟ್ರೇಲಿಯಾದ ಪ್ರಸಾರ ಸಂಸ್ಥೆ ಎಬಿಸಿ ಬಯಲು ಮಾಡಿತು. ಜುಲೈ 27ರಂದು ಆರೋಪ ಕೈಬಿಡಲಾಯಿತು. ಹನೀಫ್ ವಿರುದ್ಧ ಪ್ರಕರಣ ಹೂಡಲು ಬೇಕಾದ ಸಾಕ್ಷ್ಯವೇ ಇರಲಿಲ್ಲ ಎಂದು ಸರ್ಕಾರ ನೇಮಿಸಿದ ಕ್ಲಾರ್ಕ್ ವಿಚಾರಣೆಯ 2008ರ ವರದಿ ಹೇಳಿತು. 2010ರಲ್ಲಿ ಪರಿಹಾರವೂ ಸಿಕ್ಕಿತು. ಥಾಮಸ್ ಅವರಿಗೆ ಹನೀಫ್ ಮೇಲೆ ಕನಿಕರವಿತ್ತೋ ಇಲ್ಲವೋ, ಅದು ಮುಖ್ಯವಲ್ಲ. ಒಂದು ಬಗೆಯ ಪತ್ರಕರ್ತರು ಮೂಲಗಳ ಮಾತು ಬರೆದುಕೊಂಡರು, ಇನ್ನೊಂದು ಬಗೆಯವರು ದಾಖಲೆ ತರಿಸಿ ಓದಿದರು. ನನ್ನ ವಾದಕ್ಕೆ ಬೇಕಿರುವ ವ್ಯತ್ಯಾಸ ಇಷ್ಟೇ.

ಅಪರಾಧ ಸುದ್ದಿ ಅಪರಾಧದ ಸ್ವರೂಪವನ್ನೇ ತಪ್ಪಾಗಿ ತೋರಿಸುತ್ತದೆ ಎಂಬುದು ಇದಕ್ಕೆ ಅಂಟಿಕೊಂಡಿರುವ ತೊಂದರೆ. ಕೊಲೆಯ ಲೆಕ್ಕ ತೆಗೆದುಕೊಳ್ಳಿ. ಮುಚ್ಚಿಡಲು ಕಷ್ಟವಾದ ಅಪರಾಧವಾದ್ದರಿಂದ ಆ ಅಂಕಿಯನ್ನು ಹೆಚ್ಚು ನಂಬಬಹುದು. ದೇಶದಲ್ಲಿ 2012ರಲ್ಲಿ 34,434 ಕೊಲೆ ಪ್ರಕರಣ ದಾಖಲಾಗಿದ್ದವು, 2022ರಲ್ಲಿ 28,522. ಜನಸಂಖ್ಯೆ ಏರಿದರೂ ಕೊಲೆ ಇಳಿದಿದೆ. ಆದರೆ ಆ ದಶಕದ ನಡುವೆ, 2017ರಲ್ಲಿ, ಪ್ಯೂ ಸಂಶೋಧನಾ ಕೇಂದ್ರ ಕೇಳಿದಾಗ ಶೇ 84ರಷ್ಟು ಭಾರತೀಯರು ಅಪರಾಧವನ್ನು ‘ಬಹಳ ದೊಡ್ಡ ಸಮಸ್ಯೆ’ ಎಂದರು. ನಿರುದ್ಯೋಗ, ಭ್ರಷ್ಟಾಚಾರಗಳು ಅದರ ನಂತರ. ಅತ್ಯಾಚಾರದ ವಿಷಯದಲ್ಲಂತೂ ಟಿ.ವಿ. ತೋರಿಸುವ ಲೋಕವೇ ಬೇರೆ. ದಾಖಲಾಗುವ ಪ್ರಕರಣಗಳಲ್ಲಿ ಶೇ 95ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತೆಗೆ ಗೊತ್ತಿದ್ದವನೇ: ಸಂಬಂಧಿ, ನೆರೆಯವ, ಸ್ನೇಹಿತ, ಮಾಲೀಕ. ಪರದೆಯ ಮೇಲೆ ದಿನಗಟ್ಟಲೆ ಉಳಿಯುವುದು ಮಾತ್ರ ಕತ್ತಲ ರಸ್ತೆಯ ಅಪರಿಚಿತ. ಅದನ್ನೇ ನೋಡುವ ಸಮಾಜ ಬೀದಿಗೆ ಕ್ಯಾಮೆರಾ ಕೇಳುತ್ತದೆ, ಹುಡುಗಿಯರಿಗೆ ಸಂಜೆ ಆರರೊಳಗೆ ಮನೆ ಸೇರಿಕೊಳ್ಳಿ ಎನ್ನುತ್ತದೆ. ಮನೆಯೊಳಗಿನ ಅಪಾಯ ಸುದ್ದಿಯಾಗದೆ ಉಳಿಯುತ್ತದೆ.

ಅಪರಿಚಿತ ಎಂದಾಗ ಅವನಿಗೊಂದು ಜಾತಿ, ಊರು, ಧರ್ಮದ ಚಹರೆಯನ್ನೂ ಸುದ್ದಿಯೇ ಬರೆದುಬಿಡುತ್ತದೆ. ‘ಇರಾನಿ ಗ್ಯಾಂಗ್’, ‘ಬವಾರಿಯಾ ಗ್ಯಾಂಗ್’, ‘ಓಜಿಕುಪ್ಪಂ ಗ್ಯಾಂಗ್’ ಎಂಬ ತಲೆಬರಹಗಳು ಕನ್ನಡದ ಓದುಗರಿಗೆ ಹೊಸವಲ್ಲ. ಹುಟ್ಟಿನಿಂದಲೇ ಅಪರಾಧಿಗಳು ಎಂದು ಇಡೀ ಸಮುದಾಯಗಳಿಗೆ ಹಣೆಪಟ್ಟಿ ಹಚ್ಚಿದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲೇ ರದ್ದಾಯಿತು. ಪತ್ರಿಕೆಯ ಪುಟದಿಂದ ಅದು ಇನ್ನೂ ರದ್ದಾಗಿಲ್ಲ. ಬ್ಯಾಂಕಿಗೆ ನಾಮ ಹಾಕಿದ ಉದ್ಯಮಿಯ ಹೆಸರಿಗೆ ಅವನ ಜಾತಿಯನ್ನೋ ಊರನ್ನೋ ಸೇರಿಸಿ ‘ಗ್ಯಾಂಗ್’ ಎಂದು ಬರೆದ ತಲೆಬರಹವನ್ನು ಯಾರಾದರೂ ನೋಡಿದ್ದರೆ ಹೇಳಬೇಕು.

ಈ ತಿಳಿವಳಿಕೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ 2019ರ ಡಿಸೆಂಬರ್ 6ರ ಬೆಳಗು ಸಾಕ್ಷಿ. ಹೈದರಾಬಾದ್ ಹೊರವಲಯದಲ್ಲಿ ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆ ನಡೆದು ಹತ್ತೂ ದಿನ ಆಗಿರಲಿಲ್ಲ, ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದರು. ಜನ ಪೊಲೀಸರ ಮೇಲೆ ಹೂ ಸುರಿದರು. ಅಲ್ಲಿನ ಪೊಲೀಸ್ ಆಯುಕ್ತರು ಹುಬ್ಬಳ್ಳಿಯವರು ಎಂಬ ಹೆಮ್ಮೆಯನ್ನು ಕನ್ನಡದ ವಾಹಿನಿಗಳು ಇಡೀ ದಿನ ಹಂಚಿಕೊಂಡವು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್‌ಪುರ್‌ಕರ್ ಆಯೋಗದ ವರದಿ 2022ರಲ್ಲಿ ಬಹಿರಂಗವಾಯಿತು. ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರನ್ನು ಕೊಲೆ ಆರೋಪದಡಿ ವಿಚಾರಣೆಗೆ ಒಳಪಡಿಸಬೇಕು, ಸತ್ತ ನಾಲ್ವರಲ್ಲಿ ಮೂವರು ಆಗ ಅಪ್ರಾಪ್ತ ವಯಸ್ಕರಾಗಿದ್ದರು ಎಂದು ಅದು ಹೇಳಿತು. ಹೂಮಳೆಗೆ ಸಿಕ್ಕ ಸಮಯದ ಎಷ್ಟನೇ ಒಂದು ಪಾಲು ಈ ವರದಿಗೆ ಸಿಕ್ಕಿತು ಎಂಬುದನ್ನು ಓದುಗರ ನೆನಪೇ ಹೇಳಬಲ್ಲದು. ಪೊಲೀಸರ ಮನಸ್ಸೂ ಇದೇ ಸಮಾಜದ್ದು. ಕಾಮನ್ ಕಾಸ್ ಮತ್ತು ಲೋಕನೀತಿ–ಸಿಎಸ್‌ಡಿಎಸ್ 2019ರಲ್ಲಿ 21 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಅಪಾಯಕಾರಿ ಅಪರಾಧಿಗಳನ್ನು ವಿಚಾರಣೆಗೆ ಒಳಪಡಿಸುವುದಕ್ಕಿಂತ ಕೊಲ್ಲುವುದೇ ಮೇಲು ಎಂದು ಐವರು ಪೊಲೀಸರಲ್ಲಿ ಒಬ್ಬರು ಹೇಳಿದ್ದರು. ಕರ್ನಾಟಕದಲ್ಲಿ ‘ಮಹಜರಿಗೆ ಕರೆದೊಯ್ದಾಗ ಹಲ್ಲೆಗೆ ಯತ್ನ, ಆರೋಪಿ ಕಾಲಿಗೆ ಗುಂಡೇಟು’ ಎಂಬ ವರದಿಯನ್ನು ಹೆಸರು, ಊರು ಬದಲಿಸಿ ಎಷ್ಟು ಸಲ ಅಚ್ಚುಹಾಕಲಾಗಿದೆಯೋ! ಇಂಥ ಗುಂಡೇಟಿನ ಬಗ್ಗೆ ಸ್ವತಂತ್ರ ತನಿಖೆ ಆಗಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆ ತನಿಖೆ ಏನಾಯಿತು ಎಂದು ಮರುವಾರ ಕೇಳಿದ ವರದಿ ಕಾಣಸಿಗುವುದು ಅಪರೂಪ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಮಾಧ್ಯಮ ಗದ್ದಲ ಮಾಡಿದ್ದರಿಂದಲೇ ಎಷ್ಟೋ ಪ್ರಕರಣಗಳಲ್ಲಿ ನ್ಯಾಯ ಸಿಕ್ಕಿತಲ್ಲವೇ? ದೆಹಲಿಯ ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದಲ್ಲಿ 2006ರ ಫೆಬ್ರುವರಿಯಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾಗಿದ್ದರು. ಪತ್ರಿಕೆ, ಟಿ.ವಿ. ಎದ್ದು ನಿಂತ ಬಳಿಕ ಅದೇ ವರ್ಷದ ಡಿಸೆಂಬರ್‌ನಲ್ಲಿ ಹೈಕೋರ್ಟ್ ಪ್ರಮುಖ ಆರೋಪಿಗೆ ಜೀವಾವಧಿ ಶಿಕ್ಷೆ ನೀಡಿತು. ಈ ಮಾತನ್ನು ಒಪ್ಪಲೇಬೇಕು. ಆದರೆ ಅಲ್ಲಿ ಮಾಧ್ಯಮ ಮಾಡಿದ್ದೇನು? ವಿಚಾರಣೆ ಮುಗಿದ ಮೇಲೆ, ಸಾಕ್ಷಿಗಳು ಹೇಗೆ ತಿರುಗಿಬಿದ್ದರು ಎಂದು ಹುಡುಕಿ ಹೊರಗೆಡಹಿತು. ಪೊಲೀಸರ ಮಾತು ಪುನರುಚ್ಚರಿಸಲಿಲ್ಲ, ವ್ಯವಸ್ಥೆ ಎಲ್ಲಿ ಕೆಟ್ಟಿದೆ ಎಂದು ತೋರಿಸಿತು. ದಾರಿಯ ಕೊನೆಯ ಭಾಗವನ್ನು ನೋಡಿ ಎಂದು ಕೇಳುವ ಈ ವಾದಕ್ಕೆ ಅದು ಬೆಂಬಲವೇ ಹೊರತು ವಿರೋಧವಲ್ಲ. ಅದೇ ಪ್ರಕರಣದ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ಕೂಡ, ತನಿಖೆಯ ಹಂತದಲ್ಲೇ ಮಾಧ್ಯಮ ವಿಚಾರಣೆ ನಡೆಸಿ ನಿರಪರಾಧಿತ್ವದ ಗ್ರಹಿಕೆಯನ್ನು ಹೊಸ್ತಿಲಲ್ಲೇ ನಾಶ ಮಾಡಬಾರದು ಎಂದು 2010ರಲ್ಲಿ ಎಚ್ಚರಿಸಿತು.

ನ್ಯಾಯಾಧೀಶರು ತರಬೇತಿ ಪಡೆದವರು, ಟಿ.ವಿ. ನೋಡಿ ತೀರ್ಪು ಬರೆಯುವುದಿಲ್ಲ, ಹಾಗಿದ್ದ ಮೇಲೆ ಜನ ಏನಂದುಕೊಂಡರೇನು ಎಂಬುದು ಇನ್ನೊಂದು ವಾದ. ನೌಕಾಪಡೆಯ ಅಧಿಕಾರಿ ನಾನಾವತಿ ಆರೋಪಿಯಾಗಿದ್ದ 1959ರ ಕೊಲೆ ಪ್ರಕರಣದಲ್ಲಿ ‘ಬ್ಲಿಟ್ಜ್’ ಪತ್ರಿಕೆಯ ಪ್ರಚಾರದ ನಡುವೆ ಜ್ಯೂರಿ ಆರೋಪಿಯನ್ನು ನಿರ್ದೋಷಿ ಎಂದಿತು, ಆ ತೀರ್ಮಾನವನ್ನು ಒಪ್ಪದೆ ಹೈಕೋರ್ಟ್ ಶಿಕ್ಷೆ ನೀಡಿತು. ಆದ್ದರಿಂದ ನ್ಯಾಯಾಧೀಶರನ್ನು ನಂಬಬಹುದು ಎನ್ನುತ್ತಾರೆ. ಬಹುಮಟ್ಟಿಗೆ ನಂಬೋಣ. ಆದರೆ ಗಲ್ಲುಶಿಕ್ಷೆಯ ತೀರ್ಪುಗಳಲ್ಲಿ 1983ರ ಮಚ್ಚಿ ಸಿಂಗ್ ಪ್ರಕರಣದಿಂದೀಚೆಗೆ ‘ಸಮಾಜದ ಸಾಮೂಹಿಕ ಆತ್ಮಸಾಕ್ಷಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತಿದೆ. ಆ ಆತ್ಮಸಾಕ್ಷಿ ಏನು ಹೇಳುತ್ತಿದೆ ಎಂದು ನ್ಯಾಯಪೀಠಕ್ಕೆ ತಿಳಿಯುವುದು ಯಾವ ಸಾಕ್ಷಿಯ ಮೂಲಕ? ಬಂಧಿತನ ಮುಖ ಪತ್ರಿಕೆಯಲ್ಲಿ ಬಂದ ಮೇಲೆ ನಡೆಸುವ ಗುರುತು ಪತ್ತೆ ಪರೇಡಿಗೆ ಏನು ಬೆಲೆ? ಇನ್ನು ತೀರ್ಪಿಗೆ ಮೊದಲೇ ಸಿಗುವ ಶಿಕ್ಷೆಯ ಮಾತು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ನಾಲ್ವರಲ್ಲಿ ಮೂವರು. ಜಾಮೀನು ಕೊಟ್ಟ ನ್ಯಾಯಾಧೀಶರನ್ನು ಅಪರಾಧಿಯ ಪರ ಎಂದು ಬಗೆಯುವ ಜನಾಭಿಪ್ರಾಯ ಈ ಸಂಖ್ಯೆಯನ್ನು ಇಳಿಸಲು ನೆರವಾಗದು.

ಕನ್ನಡ ಚಿತ್ರನಟರೊಬ್ಬರು ಆರೋಪಿಯಾಗಿರುವ, 2024ರ ಜೂನ್‌ನಲ್ಲಿ ನಡೆದ ಚಿತ್ರದುರ್ಗದ ಯುವಕನ ಕೊಲೆ ಪ್ರಕರಣವನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ಆರೋಪಪಟ್ಟಿಯ ಗೋಪ್ಯ ವಿವರ ಪ್ರಸಾರ ಮಾಡದಂತೆ ರಾಜ್ಯ ಹೈಕೋರ್ಟ್ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮಾಧ್ಯಮಗಳಿಗೆ ತಡೆ ಹಾಕಬೇಕಾಯಿತು. ಆರೋಪಿಯ ಪಾತ್ರವೇನು ಎಂಬುದು ನ್ಯಾಯಾಲಯದ ಮುಂದಿದೆ, ಅದು ಅಲ್ಲೇ ಇರಲಿ. ಕುತೂಹಲದ ಸಂಗತಿ ಬೇರೆಯೇ ಇದೆ. ಜೈಲಿನ ಊಟ, ಹಾಸಿಗೆ, ದಿಂಬು ಹೇಗಿರುತ್ತದೆ ಎಂಬುದು ಕನ್ನಡದ ವಾಹಿನಿಗಳಿಗೆ ದೊಡ್ಡ ಸುದ್ದಿಯಾದದ್ದು ನಟನಿಂದಾಗಿ. ಅದೇ ಬ್ಯಾರಕ್ಕುಗಳಲ್ಲಿ ಜಾಮೀನಿಗೆ ಶ್ಯೂರಿಟಿ ಕೊಡುವವರಿಲ್ಲದೆ ಕೂತವರು ಕ್ಯಾಮೆರಾ ಚೌಕಟ್ಟಿನ ಹೊರಗೇ ಉಳಿದರು.

ಮೂರನೆಯ ಆಕ್ಷೇಪ ಸುದ್ದಿಮನೆಯ ಒಳಗಿನದು, ನ್ಯಾಯವಾದದ್ದು ಕೂಡ. ಬಂಧನ ಒಂದೇ ದಿನದ ಘಟನೆ, ವಿಚಾರಣೆ ಹತ್ತು ವರ್ಷದ್ದು. ಸಂಜೆಯೊಳಗೆ ಐದಾರು ಸುದ್ದಿ ಕಳಿಸಬೇಕಾದ ತಾಲ್ಲೂಕು ವರದಿಗಾರ ಪ್ರತಿ ವಾಯಿದೆಗೂ ಕೋರ್ಟಿನಲ್ಲಿ ಕೂರಲಾದೀತೇ? ಆಗದು. ಆದರೆ ಈಗ ಕೂರಬೇಕಾಗಿಯೂ ಇಲ್ಲ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ಜಾಲತಾಣಕ್ಕೆ ಹಾಕಬೇಕು. ಪ್ರತಿ ಪ್ರಕರಣಕ್ಕೂ 16 ಅಂಕಿ–ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ–ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ನಮೂದಿಸಿದರೆ ಮುಂದಿನ ವಾಯಿದೆ, ಆದೇಶ, ತೀರ್ಪು ಎಲ್ಲ ಮೊಬೈಲಿಗೇ ಬರುತ್ತದೆ. ಎಲ್ಲ ಪ್ರಕರಣಗಳನ್ನೂ ಹಿಂಬಾಲಿಸಿ ಎಂದು ಯಾರೂ ಕೇಳುತ್ತಿಲ್ಲ. ಮುಖಪುಟದಲ್ಲಿ ಯಾರನ್ನು ಹೆಸರಿಸಿ ಬರೆದಿರೋ ಅವರ ಪ್ರಕರಣ ಏನಾಯಿತು ಎಂಬುದನ್ನು ಅಷ್ಟೇ ಎದ್ದು ಕಾಣುವ ಜಾಗದಲ್ಲಿ ಬರೆಯಿರಿ ಎಂಬುದಷ್ಟೇ ಬೇಡಿಕೆ. ಯೂಟ್ಯೂಬು, ವಾಟ್ಸ್ಆ್ಯಪ್ ಕಾಲದಲ್ಲಿ ಪತ್ರಿಕೆ ಸುಧಾರಿಸಿದರೇನು ಬಂತು ಎನ್ನುವವರಿಗೂ ಒಂದು ಮಾತು: ಆ ವಿಡಿಯೊಗಳ ಕಚ್ಚಾವಸ್ತು ಇವತ್ತಿಗೂ ಬಹುಪಾಲು ಇದೇ ಪತ್ರಿಕಾಗೋಷ್ಠಿಗಳಿಂದ ಹೋಗುವಂಥದ್ದು.

ಕಾನೂನಿನಲ್ಲೂ ಒಂದು ಸಂದು ಇದೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಪ್ರಕಾರ ಕ್ರಿಮಿನಲ್ ಪ್ರಕರಣವೊಂದು ‘ಬಾಕಿ ಇದೆ’ ಎನಿಸುವುದು ಸಾಮಾನ್ಯವಾಗಿ ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ. ಬಂಧನಕ್ಕೂ ಆರೋಪಪಟ್ಟಿಗೂ ನಡುವಿನ ತಿಂಗಳುಗಳು, ಅಂದರೆ ಗದ್ದಲ ತಾರಕಕ್ಕೇರುವ ಹೊತ್ತು, ಹೊರಗೆ ಉಳಿಯುತ್ತದೆ. ಬಂಧನದ ದಿನದಿಂದಲೇ ಎಣಿಸಿ ಎಂದು ಕಾನೂನು ಆಯೋಗ 2006ರಲ್ಲಿ ತನ್ನ 200ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಪ್ರಸಾರದ ಬಗ್ಗೆ 2021ರ ಜನವರಿಯಲ್ಲಿ ತೀರ್ಪು ನೀಡಿದ ಬಾಂಬೆ ಹೈಕೋರ್ಟ್, ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಒಪ್ಪುವ ಸಾಕ್ಷ್ಯವೆಂಬಂತೆ ಜನರಿಗೆ ನಂಬಿಸುವುದೂ ತಪ್ಪು ಎಂದು ಸ್ಪಷ್ಟವಾಗಿ ಪಟ್ಟಿ ಮಾಡಿತು. ಆದರೂ ಸರ್ಕಾರದ ಕೈಗೆ ಹೊಸ ಕಡಿವಾಣ ಕೊಡುವುದು ಸರಿಯಾದ ದಾರಿಯಲ್ಲ. ಸುದ್ದಿ ತಡೆಯುವ ಅಧಿಕಾರ ಸಿಕ್ಕರೆ ಮೊದಲು ನಿಲ್ಲುವುದು ಹೆಡ್ಲಿ ಥಾಮಸ್ ಬರೆದಂಥ ವರದಿ, ಖತರ್ನಾಕ್ ಕಳ್ಳರ ವರದಿಯಲ್ಲ. ಪೊಲೀಸರ ಪತ್ರಿಕಾಗೋಷ್ಠಿಗೆ ನಿಯಮ ರೂಪಿಸಿ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಗೃಹ ಸಚಿವಾಲಯಕ್ಕೆ ಹೇಳಿತು. ಬಿಗಿ ಮಾಡಬೇಕಾದದ್ದು ಆ ಮೇಜನ್ನೇ.

ಇನ್ನೊಂದು ತುದಿಯಿಂದ ಬರೆದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಪುರಾವೆಯೂ ಇದೆ. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ಪತ್ರಕರ್ತೆ ಸುಕನ್ಯಾ ಶಾಂತಾ ಬಯಲಿಗೆ ತಂದರು, ಬಳಿಕ ತಾವೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2024ರ ಅಕ್ಟೋಬರ್ 3ರಂದು ನ್ಯಾಯಾಲಯ ಅಂಥ ಜೈಲು ನಿಯಮಗಳನ್ನು ಅಸಾಂವಿಧಾನಿಕ ಎಂದು ಸಾರಿತು. ಅಲೆಮಾರಿ, ವಿಮುಕ್ತ ಸಮುದಾಯಗಳವರನ್ನು ಮನಸೋಇಚ್ಛೆ ಬಂಧಿಸದಂತೆಯೂ ಪೊಲೀಸರಿಗೆ ಸೂಚಿಸಿತು. ಅಪರಾಧ ವರದಿಗಾರಿಕೆಗೆ ಇಷ್ಟು ಶಕ್ತಿ ಇದೆ. ನಮ್ಮ ಸಂಪಾದಕರು ಅದನ್ನು ಬಳಸುವಂತೆ ಮಾಡುವುದು ಓದುಗರ ಕೈಯಲ್ಲೂ ಇದೆ. ಕಳೆದ ವರ್ಷ ನಿಮ್ಮ ಊರಿನ ಯಾವ ಬಂಧನ ಮುಖಪುಟದಲ್ಲಿ ಬಂದಿತ್ತು ಎಂದು ನೆನಪಿಸಿಕೊಂಡು, ಆ ಪ್ರಕರಣ ಈಗ ಯಾವ ಹಂತದಲ್ಲಿದೆ ಎಂದು ಕೇಳಿ ‘ವಾಚಕರ ವಾಣಿ’ಗೆ ನಾಲ್ಕು ಸಾಲು ಬರೆಯಿರಿ.